ಭಟ್ಕಳ, ಹೊನ್ನಾವರ, ಕುಮಟಾ: ಮೂರು ಕಡಲ ತಾಲೂಕುಗಳ ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಐದು ಕರಾವಳಿ ತಾಲೂಕುಗಳಲ್ಲಿ ದಕ್ಷಿಣದ ಮೂರು ಭಟ್ಕಳ, ಹೊನ್ನಾವರ ಮತ್ತು ಕುಮಟಾ. ಭಟ್ಕಳ ಪೇಟೆಯಿಂದ ಕುಮಟಾ ಪೇಟೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರ್. ಮೂರಕ್ಕೂ ಪಶ್ಚಿಮದಲ್ಲಿ ಕಡಲು, ಪೂರ್ವದಲ್ಲಿ ಸಹ್ಯಾದ್ರಿ, ನಡುವೆ ಗದ್ದೆ ಮತ್ತು ತೆಂಗಿನ ತೋಟಗಳ ಕಿರಿದಾದ ಪಟ್ಟಿ. ಇಷ್ಟು ಹೋಲಿಕೆಯಿದ್ದರೂ ಇವುಗಳ ಚರಿತ್ರೆ ಒಂದರಂತೆ ಇನ್ನೊಂದಿಲ್ಲ. ಒಂದೊಂದು ಬಂದರಿನ ಬೆನ್ನಿಗೂ ಬೇರೆ ಬೇರೆ ಘಟ್ಟದ ದಾರಿಯಿತ್ತು, ಆ ದಾರಿಯಲ್ಲಿ ಬೇರೆ ಬೇರೆ ಸರಕು ಸಾಗುತ್ತಿತ್ತು. ಭಟ್ಕಳವನ್ನು ಬೆಳೆಸಿದ್ದು ಕುದುರೆ, ಹೊನ್ನಾವರವನ್ನು ಕಾಳುಮೆಣಸು, ಕುಮಟಾವನ್ನು ಹತ್ತಿ. ಮೂರರಲ್ಲಿ ಮೆಣಸು ಮಾತ್ರ ಈ ಸೀಮೆಯದೇ ಬೆಳೆ.

ಭಟ್ಕಳ ವಿಜಯನಗರದ ಮುಖ್ಯ ಬಂದರುಗಳಲ್ಲೊಂದು. ಹಾಡುವಳ್ಳಿಯ, ಅಂದರೆ ಸಂಗೀತಪುರದ, ಜೈನ ಸಾಳುವ ಅರಸರು ಇದನ್ನು ಆಳುತ್ತಿದ್ದರು. ಹೊರ್ಮುಜ್ ಕಡೆಯಿಂದ ಬಂದ ಕುದುರೆಗಳು ಇಲ್ಲಿಳಿದು ಘಟ್ಟ ಹತ್ತುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ ಹಡಗು ಸೇರುತ್ತಿದ್ದವು. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಲೇಖಕ ಬಾರ್ಬೋಸ ಈ ವ್ಯಾಪಾರವನ್ನು ವಿವರವಾಗಿ ಬರೆದಿದ್ದಾನೆ. ಅವನ ನಾಡಿನವರೇ ಅದನ್ನು ಮುರಿದರು. 1502ರಲ್ಲಿ ವಾಸ್ಕೋ ಡ ಗಾಮ ಊರಿನ ಮೇಲೆ ದಾಳಿ ಮಾಡಿ ಅಕ್ಕಿಯ ಕಪ್ಪ ವಿಧಿಸಿದ. 1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಮೇಲೆ ಕುದುರೆ ಹಡಗುಗಳನ್ನು ಅತ್ತ ತಿರುಗಿಸಲಾಯಿತು. 1542ರಲ್ಲಿ ಭಟ್ಕಳವನ್ನೇ ಸುಟ್ಟರು.

ಆ ಐಶ್ವರ್ಯದ ಕುರುಹು ಕಲ್ಲಿನಲ್ಲಿ ಉಳಿದಿದೆ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಹೊರಗೋಡೆಯ ತುಂಬ ರಾಮಾಯಣದ ಉಬ್ಬುಶಿಲ್ಪಗಳಿರುವ ಕೇತಪೈ ನಾರಾಯಣ ದೇವಾಲಯ, ಹಳೆಯ ಮಸೀದಿಗಳು, ಎಲ್ಲವೂ ಒಂದೇ ಪೇಟೆಯಲ್ಲಿ. ಹೆದ್ದಾರಿಯಲ್ಲಿ ಬರುವ ಪ್ರವಾಸಿಗರು ಇವುಗಳ ಬದಿಯಲ್ಲೇ ಸಾಗಿ ಮುರ್ಡೇಶ್ವರದ 123 ಅಡಿಯ ಶಿವನನ್ನೂ 20 ಅಂತಸ್ತಿನ ರಾಜಗೋಪುರವನ್ನೂ ನೋಡಿ ಹಿಂದಿರುಗುತ್ತಾರೆ. ಭಟ್ಕಳದ ಶಿಲ್ಪಕ್ಕೆ ಇದು ನ್ಯಾಯವಲ್ಲ. ಕಲ್ಲಿನಲ್ಲಷ್ಟೇ ಅಲ್ಲ, ವಿದ್ಯೆಯಲ್ಲೂ ಆ ಕಾಲದ ಗುರುತಿದೆ: ಹಾಡುವಳ್ಳಿಯ ಜೈನ ಮಠದ ಪರಂಪರೆಯಿಂದಲೇ ಬಂದ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ಕನ್ನಡ ವ್ಯಾಕರಣವನ್ನು ಸಂಸ್ಕೃತದಲ್ಲಿ ರಚಿಸಿದ.

ಕುದುರೆಯ ಕಾಲ ಮುಗಿದರೂ ಕಡಲಾಚೆಯ ನಂಟು ತುಂಡಾಗಲಿಲ್ಲ. ಅರಬ್ ವರ್ತಕರ ಸಂತತಿಯವರೆಂದು ಹೇಳಿಕೊಳ್ಳುವ ನವಾಯತರು ಇಲ್ಲಿಯ ಪ್ರಮುಖ ಸಮುದಾಯ. ಅವರ ಮನೆಮಾತು ನವಾಯತಿ ಕೊಂಕಣಿಯ ಬುಡದ್ದು, ಅರಬ್ಬಿ-ಪಾರಸಿ ಪದಗಳಿಂದ ತುಂಬಿದ್ದು. 1919ರಲ್ಲಿ ಆರಂಭವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಶಾಲೆ ಕಾಲೇಜುಗಳನ್ನು ಕಟ್ಟಿತು. ಕೊಲ್ಲಿ ದೇಶಗಳ ದುಡಿಮೆ ಪೇಟೆಯ ಮನೆ, ಅಂಗಡಿ, ಊಟವನ್ನೆಲ್ಲ ಬದಲಿಸಿತು. ಇಷ್ಟೆಲ್ಲ ಇದ್ದ ಭಟ್ಕಳ ಬ್ರಿಟಿಷರ ಆಡಳಿತದಲ್ಲಿ ಹೊನ್ನಾವರ ತಾಲೂಕಿನ ಕೆಳಗಿನ ಬರಿಯ ಪೇಟಾ (ಉಪವಿಭಾಗ) ಆಗಿತ್ತು.

ಹೊನ್ನಾವರದ ಕಥೆ ಶರಾವತಿಯದು. ಅಳಿವೆಯ ಬಾಯಲ್ಲಿ ಬಂದರು, ಹೊಳೆಯ ಮೇಲ್ಭಾಗದಲ್ಲಿ ಘಟ್ಟದ ಬುಡಕ್ಕೆ ಗೇರುಸೊಪ್ಪೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಇಲ್ಲಿನ ಸುಲ್ತಾನ ಜಮಾಲುದ್ದೀನನ ಆತಿಥ್ಯ ಪಡೆದ. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುದನ್ನು ಕಂಡು ಬರೆದ. 1510ರಲ್ಲಿ ಗೋವಾದ ಮೇಲೇರಿ ಹೋಗಲು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಸಲಹೆ ಕೊಟ್ಟು ಜೊತೆಗೂಡಿದ ನಾವಿಕ ತಿಮ್ಮಯ್ಯ ಇದೇ ಹೊನ್ನಾವರದವನು. ಆ ಗೋವಾದ ಏಳಿಗೆಯೇ ಕರಾವಳಿಯ ಈ ಬಂದರುಗಳಿಗೆ ಮುಳುವಾಯಿತು.

ಗೇರುಸೊಪ್ಪೆಯಲ್ಲಿ 16ನೇ ಶತಮಾನದ ಉತ್ತರಾರ್ಧವನ್ನು ಆಳಿದವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು, ಅವಳೊಂದಿಗೆ ವ್ಯಾಪಾರ ಮಾಡಿದರು, ಕಾದಾಡಿದರು. 1569ರಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದರು. ಆದರೆ ಅವಳ ರಾಜ್ಯವನ್ನು ಕೊನೆಗಾಣಿಸಿದ್ದು ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಹೊನ್ನಾವರದಿಂದ ದೋಣಿಯಲ್ಲಿ ಹೊಳೆ ಏರಿ ಗೇರುಸೊಪ್ಪೆಗೆ ಬಂದಾಗ ಹೆಸರಾಂತ ಆ ನಗರ ಹಾಳುಬಿದ್ದು ಮರ ಬೆಳೆದಿತ್ತು. ಇಂದಿಗೂ ಅಲ್ಲಿನ ನಗರಬಸ್ತಿಕೇರಿಯ ಕಾಡಿನಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ನಿಂತಿದೆ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಹೊನ್ನಾವರದಿಂದ ಹೊರಹಾಕಿದ. 1783ರಲ್ಲಿ ಕೋಟೆ ಇಂಗ್ಲಿಷರ ಕೈಸೇರಿ, ಟಿಪ್ಪುವಿನ ಸೇನೆ ತಿಂಗಳುಗಟ್ಟಲೆ ಅದನ್ನು ಮುತ್ತಿತು.

ಬಂದರು ಸೊರಗಿದ ಮೇಲೆ ಈ ತಾಲೂಕಿನ ಹೆಸರನ್ನು ಹೊರಗೆ ಒಯ್ದದ್ದು ಬಡಗುತಿಟ್ಟಿನ ಯಕ್ಷಗಾನ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಮೇಳ ಕಟ್ಟಿದರು. ಮಗ ಶಂಭು ಹೆಗಡೆ ಅದನ್ನು ದೇಶದಾಚೆಗೂ ಕರೆದೊಯ್ದರು. ಹೆಸರಾಂತ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ಮಣ್ಣಿನವರು. ಕೆರೆಮನೆ ಮೇಲೋ ಚಿಟ್ಟಾಣಿ ಮೇಲೋ ಎಂಬ ಚರ್ಚೆಗೆ ಇಳಿದರೆ ರಾತ್ರಿಯಾಟ ಮುಗಿದರೂ ಅದು ಮುಗಿಯುವುದಿಲ್ಲ.

ಕುಮಟಾ ಪೇಟೆ ದೊಡ್ಡದಾದದ್ದು ಬಹಳ ತಡವಾಗಿ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಇಲ್ಲಿ ಹಡಗು ಸೇರುತ್ತಿತ್ತು. ಕುಮಟಾದಲ್ಲಿ ಬೆಳೆಯದ ಆ ಹತ್ತಿ ವಿಲಾಯತಿ ಮಾರುಕಟ್ಟೆಯಲ್ಲಿ ‘ಕುಂಪ್ಟಾ’ ಎಂದೇ ಹೆಸರಾಯಿತು. 1861–65ರ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ಬೆಲೆ ಗಗನಕ್ಕೇರಿತು. ಹತ್ತಿ ವರ್ತಕರ ಒತ್ತಡದ ನಡುವೆಯೇ 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆದರೆ ಸರ್ಕಾರದ ಒಲವು ಕಾರವಾರದ ಬಂದರಿನ ಕಡೆಗಿತ್ತು. 1880ರ ದಶಕದ ಕೊನೆಗೆ ಬಯಲುಸೀಮೆಯ ರೈಲು ಗೋವಾದ ಮೊರ್ಮುಗಾವೊ ಬಂದರನ್ನು ಮುಟ್ಟಿದ ಮೇಲೆ ಕುಮಟಾದ ಗಾಡಿಗಳಿಗೆ ಕೆಲಸವಿಲ್ಲದಾಯಿತು. ಕೊಂಕಣ ರೈಲು 1998ರಲ್ಲಿ ಈ ಮೂರೂ ತಾಲೂಕುಗಳನ್ನು ಕಡಲಿನುದ್ದಕ್ಕೆ ಜೋಡಿಸಿತು. ಬಯಲುಸೀಮೆಯಿಂದ ಘಟ್ಟ ಇಳಿದು ಬರುವ ಹುಬ್ಬಳ್ಳಿ–ಅಂಕೋಲಾ ರೈಲು ಮಾತ್ರ ಇನ್ನೂ ಕಾಗದದಿಂದ ಇಳಿದಿಲ್ಲ.

ತಾಲೂಕಿನ ಹಳೆಯ ಸಿರಿ ಪೇಟೆಯ ಉತ್ತರಕ್ಕಿದೆ. ಗೋಕರ್ಣದ ಮಹಾಬಲೇಶ್ವರ, ಮಿರ್ಜಾನಿನ ಜಂಬಿಟ್ಟಿಗೆ ಕೋಟೆ (ಚೆನ್ನಭೈರಾದೇವಿ ಕಟ್ಟಿಸಿದಳೆಂಬ ಮಾತಿದೆ, ಬಿಜಾಪುರದ ಷರೀಫ್-ಉಲ್-ಮುಲ್ಕ್‌ನ ಹೆಸರೂ ಇದೆ), ಸಾಣಿಕಟ್ಟೆಯ ಉಪ್ಪಿನ ಆಗರ. ಇಲ್ಲಿನ ಹನೇಹಳ್ಳಿ ಲೇಖಕರಾದ ಗಂಗಾಧರ ಮತ್ತು ಯಶವಂತ ಚಿತ್ತಾಲರನ್ನೂ, ಗೋಕರ್ಣ ಗೌರೀಶ ಮತ್ತು ಜಯಂತ ಕಾಯ್ಕಿಣಿಯವರನ್ನೂ ಕನ್ನಡಕ್ಕೆ ಕೊಟ್ಟವು. ನಾಲ್ಕೈದು ಮೈಲಿಯೊಳಗೆ ಇಷ್ಟು ಸಾಹಿತ್ಯ ದಕ್ಕಿದ ಊರುಗಳು ಹೆಚ್ಚಿಲ್ಲ.

ಇಂದು ಹೊನ್ನಾವರಕ್ಕೂ ಕುಮಟಾಕ್ಕೂ ಇರುವ ದೊಡ್ಡ ವ್ಯತ್ಯಾಸ ನೀರಿನದು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಬಳಿಕ ಗೇರುಸೊಪ್ಪೆಯಲ್ಲೂ ಒಂದು. ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿದು ಅಳಿವೆಯ ಉಪ್ಪನ್ನು ತೆಳುವಾಗಿಸಿತು, ಚಿಪ್ಪುಮೀನು ಕ್ಷೀಣಿಸಿತು. ಕುಮಟಾದ ಹೊಳೆ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವ ಕುಟುಂಬಗಳು ಇಂದಿಗೂ ಇವೆ. ಅಳಿವೆಯ ಬಾಯಲ್ಲಿರುವ ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಜನರ ವಿರೋಧದಿಂದ ಹಿಂದೆ ಸರಿಯಿತು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಅಳಿವೆಯಂಚಿನ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ನುಗ್ಗಿಸಿ ಮೀನು, ಸಿಗಡಿ ಹಿಡಿಯುವುದು ಹಳೆಯ ಕ್ರಮ. ಸಿಗಡಿಯಲ್ಲಿ ಹಣ ಹೆಚ್ಚೆಂದು ಹಲವು ಗಜನಿಗಳು ವರ್ಷಪೂರ್ತಿ ನೀರಿಗೆ ಬಿದ್ದವು, ಕಟ್ಟೆಗಳು ಕುಸಿದವು. ಮಾಣಿಕಟ್ಟೆಯ ರೈತರು ಒಟ್ಟಾಗಿ ಕಗ್ಗವನ್ನು ಇನ್ನೂ ಬಿತ್ತುತ್ತಿದ್ದಾರೆ.