ಸ್ಟ್ರೋಕರ್: ಹೊಡೆತ ಉದ್ದವಾದ ಎಂಜಿನ್

ಸೈಕಲ್ಲಿಗೆ ಗಾಳಿ 'ಹೊಡೆಯುತ್ತೇವೆ'. ಇಂಗ್ಲಿಷಿನ 'ಸ್ಟ್ರೋಕ್' ಕೂಡ ಹೊಡೆ ಎಂಬರ್ಥದ 'ಸ್ಟ್ರೈಕ್' ಪದದ ಬಳಗದ್ದೇ. ಸಿಲಿಂಡರಿನಲ್ಲಿ ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದು ಒಂದು ಸ್ಟ್ರೋಕ್. ಮೈಸೂರಿನ ಹಳೆಯ ಯೆಜ್ಡಿ ಬೈಕನ್ನು 'ಟೂ ಸ್ಟ್ರೋಕ್' ಎನ್ನುವಾಗ ನಾವು ಹೊಡೆತಗಳನ್ನು ಎಣಿಸುತ್ತೇವೆ. 'ಸ್ಟ್ರೋಕರ್' ಎನ್ನುವಾಗ ಹೊಡೆತದ ಉದ್ದವನ್ನು ಅಳೆಯುತ್ತೇವೆ. ಈ ವ್ಯತ್ಯಾಸ ತಿಳಿಯದಿದ್ದರೆ ಪದವೇ ಕೈಗೆ ಸಿಗುವುದಿಲ್ಲ.

ಕಂಪನಿ ಕೊಟ್ಟದ್ದಕ್ಕಿಂತ ಉದ್ದದ ಸ್ಟ್ರೋಕ್ ಬರುವಂತೆ, ಪಿಸ್ಟನ್ನಿನ ಓಡಾಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಬದಲಿಸಿದ ಎಂಜಿನ್ನೇ ಸ್ಟ್ರೋಕರ್. ಈ ಮಾತಿಗೆ ಅಮೆರಿಕದ ಹಾರ್ಲೆ-ಡೇವಿಡ್ಸನ್ ಬೈಕ್ ಗ್ಯಾರೇಜುಗಳಲ್ಲಿ ಬಲು ಬಳಕೆ. 1958ರಲ್ಲಿ ಶುರುವಾದ ಎಸ್ ಆ್ಯಂಡ್ ಎಸ್ ಸೈಕಲ್ ಕಂಪನಿಯ ಸ್ಟ್ರೋಕರ್ ಫ್ಲೈವೀಲುಗಳು (ಕ್ರ್ಯಾಂಕಿನ ಭಾಗವಾದ ಭಾರದ ಚಕ್ರಗಳು) ಅಲ್ಲಿ ಹೆಸರುವಾಸಿ.

ಲೆಕ್ಕ ಸೊಗಸಾಗಿದೆ. ಹಾರ್ಲೆಯ ಟ್ವಿನ್ ಕ್ಯಾಮ್ 88 ಎಂಜಿನ್ನಿನ ಸ್ಟ್ರೋಕ್ 101.6 ಮಿ.ಮೀ. ಪಿಸ್ಟನ್ನಿನ ಕೋಲು ಕ್ರ್ಯಾಂಕಿಗೆ ಸೇರುವ ಕ್ರ್ಯಾಂಕ್‌ಪಿನ್ನನ್ನು ನಡುವಿನಿಂದ ಬರೀ 4.76 ಮಿ.ಮೀ.ನಷ್ಟು ಆಚೆ ಸರಿಸಿದರೆ ಸ್ಟ್ರೋಕ್ ಅದರ ಎರಡರಷ್ಟು ಬೆಳೆದು 111.1 ಆಗುತ್ತದೆ, ಬೋರ್ (ಸಿಲಿಂಡರಿನ ಒಳವ್ಯಾಸ) ಮುಟ್ಟದೆಯೇ 1450 ಸಿಸಿ 1584ಕ್ಕೆ ಏರುತ್ತದೆ. ಕಂಪನಿಯೇ ಮುಂದೆ ತಂದ ಟ್ವಿನ್ ಕ್ಯಾಮ್ 96ರ ಅಳತೆಯೂ ಇದೇ.

ಬೀದಿಯಲ್ಲಿ ಕಡಿಮೆ ಆರ್‌ಪಿಎಂನಲ್ಲೇ ಸಿಗುವ ಎಳೆತ, ಕಾಲು ಮೈಲಿಯ ಡ್ರ್ಯಾಗ್ ರೇಸ್ ಪಟ್ಟಿಯಲ್ಲಿ ನಿಂತಲ್ಲಿಂದ ಚಿಮ್ಮುವ ಬಲ: ಎರಡೂ ಇದರ ಫಲ. ಆದರೆ 6000 ಆರ್‌ಪಿಎಂನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20.3 ಮೀಟರಿನಿಂದ 22.2ಕ್ಕೆ ಜಿಗಿಯುತ್ತದೆ. ಜೊತೆಗೆ ಉದ್ದದ ಸ್ಟ್ರೋಕಿನಲ್ಲಿ ಪಿಸ್ಟನ್ ಇನ್ನಷ್ಟು ಕೆಳಗೆ ಬರಬಹುದಾದ್ದರಿಂದ, ಒಳ್ಳೆಯ ಕೆಲಸಗಾರರು ಪಿಸ್ಟನ್ ಕೆಳಗಿಳಿದಾಗ ಫ್ಲೈವೀಲಿಗೆ ತಾಗದಷ್ಟು ಜಾಗವಿದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿದ ಮೇಲಷ್ಟೇ ಎಂಜಿನ್ ಮುಚ್ಚುತ್ತಾರೆ.