ತಬ್ಬಲಿ ತಾಖಿಗಳ ಸಾಕುತಾಯಂದಿರು

ಮಂಗೋಲಿಯದ ಕಾಡುಕುದುರೆಗೆ ಅಲ್ಲಿಯವರು ಇಟ್ಟ ಹೆಸರು ತಾಖಿ. ರಷ್ಯದ ಅನ್ವೇಷಕ ನಿಕೊಲಾಯ್ ಪ್ರಜೆವಾಲ್ಸ್ಕಿ ಅದರ ತಲೆಬುರುಡೆ ಮತ್ತು ಚರ್ಮವನ್ನು ತಂದ ಮೇಲೆ, 1881ರಲ್ಲಿ ವಿಜ್ಞಾನ ಅದಕ್ಕೆ ಅವನ ಹೆಸರನ್ನೇ ಕೊಟ್ಟಿತು. ಅಲ್ಲಿಂದ ಯುರೋಪಿನ ಮೃಗಾಲಯಗಳಿಗೂ ಸಿರಿವಂತ ಜಮೀನುದಾರರಿಗೂ ಜೀವಂತ ತಾಖಿ ಬೇಕೆನಿಸಿತು. ಬೆಳೆದ ಕುದುರೆ ಕೈಗೆ ಸಿಗುವಂಥದ್ದಲ್ಲ. ಹಾಗಾಗಿ ಬೇಟೆಗಾರರ ಕಣ್ಣು ಮರಿಗಳ ಮೇಲೆ ಬಿತ್ತು.

ಹಿಂಡು ನೀರು ಕುಡಿದು ದಣಿವಾರಿಸಿಕೊಳ್ಳುವ ಹೊತ್ತಿಗೆ ಸವಾರರು ಕೂಗುತ್ತಾ ಮೇಲೆ ಬೀಳುತ್ತಿದ್ದರು. ಕುದುರೆಗಳು ದಿಕ್ಕೆಟ್ಟು ಓಡುತ್ತಿದ್ದವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮರಿಗಳು ಏದುಸಿರು ಬಿಡುತ್ತಾ ಹಿಂದೆ ಬೀಳುತ್ತಿದ್ದವು. ಉದ್ದನೆಯ ಕೋಲಿನ ತುದಿಯ ಕುಣಿಕೆ ಆಗ ಅವುಗಳ ಕೊರಳಿಗೆ ಬೀಳುತ್ತಿತ್ತು. ಇವು ತಬ್ಬಲಿಯಾದ ಮರಿಗಳಲ್ಲ, ತಬ್ಬಲಿ ಮಾಡಿದ ಮರಿಗಳು.

ಹಿಡಿದದ್ದಾಯಿತು, ಉಳಿಸಿಕೊಳ್ಳುವುದು ಹೇಗೆ? ಇಂದಿನ ಉಕ್ರೇನಿನ ದಕ್ಷಿಣಕ್ಕಿರುವ ಅಸ್ಕಾನಿಯಾ ನೋವಾ ಎಸ್ಟೇಟಿನ ಒಡೆಯ ಫ್ರೆಡ್ರಿಕ್ ಫಾಲ್ಟ್ಸ್‌-ಫೈನ್‌ಗಾಗಿ ಮೊದಲು ಹಿಡಿದ ಮರಿಗಳಿಗೆ ಕುರಿಯ ಹಾಲು ಕುಡಿಸಿದರು. ಅವು ಬದುಕಲಿಲ್ಲ. ಕುರಿಯ ಹಾಲಿನಲ್ಲಿ ಕೊಬ್ಬು ಸುಮಾರು ಶೇ 7. ಕುದುರೆಯ ಹಾಲಿನಲ್ಲಿ ಶೇ 2ರ ಆಸುಪಾಸು. ಕುದುರೆಯ ಹಾಲು ತೆಳು, ಆದರೆ ಹೆಚ್ಚು ಸಿಹಿ. ಎಳೆಯ ಮರಿ ಗಂಟೆಗೆ ಹಲವು ಸಲ ಕೆಚ್ಚಲಿಗೆ ಬಾಯಿ ಹಾಕಿ, ಪ್ರತಿ ಸಲ ಒಂದಿಷ್ಟೇ ಕುಡಿಯುತ್ತದೆ. ಕುರಿಯ ದಪ್ಪ ಹಾಲು ಅದರ ಹೊಟ್ಟೆಗೆ ಒಗ್ಗುವಂಥದ್ದಲ್ಲ.

ಮುಂದಿನ ಸಲ ಸಾಕು ಕುದುರೆಗಳನ್ನೇ ಮೊಲೆಯೂಡಿಸಲು ಹೂಡಿದರು. ತಾಖಿ ಈಯುವ ಕಾಲಕ್ಕೇ ಇವೂ ಈಯುವಂತೆ ಮೊದಲೇ ಗಬ್ಬ ಕಟ್ಟಿಸಿದ್ದರು. ಅವುಗಳ ಸ್ವಂತ ಮರಿಗಳನ್ನು ಕೊಂದು, ಸುಲಿದ ಚರ್ಮವನ್ನು ತಾಖಿ ಮರಿಗೆ ಹೊದಿಸುತ್ತಿದ್ದರು. ತನ್ನ ಮರಿಯದೇ ವಾಸನೆ ಮೂಗಿಗೆ ಬಡಿದಾಗ ತಾಯಿ ಒದೆಯದೆ ನಿಲ್ಲುತ್ತಿತ್ತು. ಕೆಲವೇ ದಿನಗಳಲ್ಲಿ ಚರ್ಮ ತೆಗೆದರೂ ಮರಿಯನ್ನು ಬಿಟ್ಟುಕೊಡುತ್ತಿರಲಿಲ್ಲ. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೆಯುವುದು ನಮ್ಮ ಹಳ್ಳಿಗಳಲ್ಲೂ ಇದ್ದ ಪದ್ಧತಿಯೇ. ಮಂಗೋಲಿಯದ ಲೆಕ್ಕ ಮಾತ್ರ ಹೆಚ್ಚು ಕ್ರೂರ: ಒಂದು ಮರಿ ಉಳಿಯಲು ಇನ್ನೊಂದು ಸಾಯಬೇಕಿತ್ತು.

1899ರಲ್ಲಿ ತಾಖಿ ಮರಿಗಳು ಅಸ್ಕಾನಿಯಾ ನೋವಾ ಸೇರಿದವು. 1901ರಲ್ಲಿ ಹ್ಯಾಂಬರ್ಗಿನ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್‌ನ ಜನ 52 ಮರಿಗಳನ್ನು ಹಿಡಿದರು. ಸಾಕುತಾಯಂದಿರ ಜೊತೆಗೇ ಹೊರಟರೂ, ಬೆಟ್ಟ, ಹುಲ್ಲುಗಾವಲು ದಾಟಿ, ರೈಲು ಹತ್ತಿ ಹ್ಯಾಂಬರ್ಗ್ ಮುಟ್ಟಿದ್ದು 28.

ಆ ಹಿಡಿಯಾಟವನ್ನು ಕ್ಷಮಿಸುವುದು ಕಷ್ಟ. ಆದರೆ ಕೊನೆಗೆ ತಾಖಿಯ ಕುಲ ಉಳಿದದ್ದೂ ಅದರಿಂದಲೇ. 1960ರ ದಶಕದ ಕೊನೆಗೆ ಮಂಗೋಲಿಯದ ಬಯಲಿನಲ್ಲಿ ತಾಖಿ ಕಾಣದಂತಾಯಿತು. ಎರಡನೇ ಮಹಾಯುದ್ಧ ಮುಗಿದಾಗ ಮೃಗಾಲಯಗಳಲ್ಲಿ ಉಳಿದಿದ್ದದ್ದೂ ಸುಮಾರು 30. ಇಂದಿನ ತಾಖಿಗಳೆಲ್ಲ ಕಾಡಿನಿಂದ ಬಂದ ಹನ್ನೆರಡರಷ್ಟು ಕುದುರೆಗಳ ಸಂತತಿ. ಜರ್ಮನಿಯ ಹಾಲೆಯಲ್ಲಿ ಬೆರೆತ ಒಂದು ಸಾಕು ಕುದುರೆಯ ರಕ್ತವೂ ಅವುಗಳಲ್ಲಿ ಹಲವದರಲ್ಲಿದೆ. ಪ್ರಾಗ್‌ನ ಮೃಗಾಲಯದವರು ಇಡುವ ತಾಖಿಗಳ ವಂಶಾವಳಿ ಪುಸ್ತಕ ರಕ್ತಸಂಬಂಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಲು ಕೊಟ್ಟವರಿಗೆ ಅದರಲ್ಲಿ ಜಾಗವಿಲ್ಲ. 1992ರಲ್ಲಿ ಮಂಗೋಲಿಯದ ಹುಸ್ತಾಯ್ ಮತ್ತು ತಾಖಿನ್ ತಾಲ್‌ನಲ್ಲಿ ಮರಳಿ ನೆಲ ಕಂಡ ತಾಖಿಗಳು ಆ ಹಾಲಿನ ಋಣದವು.

ಸಾಕುತಾಯಂದಿರ ಕೆಲಸ ಇನ್ನೂ ಮುಗಿದಿಲ್ಲ. 1980ರಲ್ಲಿ ಸ್ಯಾನ್ ಡಿಯೇಗೊ ಮೃಗಾಲಯದಲ್ಲಿ ಹೆಪ್ಪುಗಟ್ಟಿಸಿಟ್ಟ ಜೀವಕೋಶದಿಂದ ತಯಾರಾದ ಮರಿ ಕರ್ಟ್, 2020ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನಲ್ಲಿ ಸಾಕು ಕುದುರೆಯೊಂದರ ಹೊಟ್ಟೆಯಲ್ಲಿ ಹುಟ್ಟಿತು. ಆ ತಾಯಿ ಹಾಲನ್ನೇನೋ ಕೊಟ್ಟಿತು. ಆದರೆ ತಾಖಿ ತಾಖಿಯೊಡನೆ ಹೇಗಿರಬೇಕೆಂದು ಕಲಿಸುವುದು ಅದರಿಂದಾಗಲಿಲ್ಲ. ಅದಕ್ಕಾಗಿ ಮೃಗಾಲಯದವರು ಹಾಲಿ ಎಂಬ ಎಳೆಯ ಹೆಣ್ಣು ತಾಖಿಯನ್ನು ಕರ್ಟ್‌ನ ಜೊತೆಗೆ ಬಿಟ್ಟರು.