ಹೃದಯದ ಕಾವಲು: ಮರುಭೂಮಿಯಿಂದ ಮಲೆನಾಡಿಗೆ

ಅಫೀಮು ವರ್ಗದ ಮಾದಕಗಳ ವ್ಯಸನದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಇಂದು ಕೊಡಲಾಗುವ ಭಾವನಿಯಂತ್ರಣದ ತರಬೇತಿಯು ಆಧುನಿಕ ಮನಶ್ಶಾಸ್ತ್ರದ ಕೊಡುಗೆಯಾಗಿದೆ. ಆದರೂ ಅದರ ಮೂಲಪ್ರಶ್ನೆಯು ಸಭೆಯ ಚರಿತ್ರೆಗೆ ಹೊಸದಲ್ಲ: ಮನಸ್ಸಿನಲ್ಲಿ ಏಳುವ ಭಾವವು ಕೃತ್ಯವಾಗುವುದಕ್ಕೆ ಮುಂಚೆ ಅದನ್ನು ಗುರುತಿಸುವುದು ಹೇಗೆ?

4ನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ನೆಲೆಸಿದ್ದ ಇವಾಗ್ರಿಯುಸನು (ಮರಣ 399) ಸನ್ಯಾಸಿಯನ್ನು ಕಾಡುವ ಎಂಟು ದುರಾಲೋಚನೆಗಳನ್ನು ವಿಂಗಡಿಸಿದನು. ದುಃಖ, ಕೋಪ, ಬೇಸರ ಇವೂ ಆ ಪಟ್ಟಿಯಲ್ಲಿವೆ. ಇಂಥ ಆಲೋಚನೆಗಳು ಬರುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಅವು ನಮ್ಮಲ್ಲಿ ನೆಲೆಯೂರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ ಎಂಬುದು ಅವನ ಬೋಧನೆಯ ತಿರುಳು. 5ನೆಯ ಶತಮಾನದಲ್ಲಿ ಯೋಹಾನ ಕ್ಯಾಸಿಯನನು ಈ ಬೋಧನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಪಶ್ಚಿಮಕ್ಕೆ ತಲುಪಿಸಿದನು. ಆಲೋಚನೆಯನ್ನು ಬಚ್ಚಿಡದೆ ಅನುಭವಿ ಹಿರಿಯನ ಮುಂದೆ ತೆರೆದಿಡಬೇಕೆಂದು ಅವನು ಒತ್ತಿಹೇಳಿದನು. ಹೃದಯದ ಕಾವಲು ಒಬ್ಬಂಟಿಯ ಕೆಲಸವಾಗಿರಲಿಲ್ಲ.

ಈ ವಿವೇಕವು ವ್ಯಸನದ ಪ್ರಶ್ನೆಯೊಡನೆ ಕೂಡಿಕೊಳ್ಳಲು ಬಹುಕಾಲ ಹಿಡಿಯಿತು. ಬ್ರಿಟಿಷ್ ಸರಕಾರವು 1893ರಲ್ಲಿ ನೇಮಿಸಿದ ಅಫೀಮು ಆಯೋಗದ ಮುಂದೆ ಅನೇಕ ಮಿಷನರಿಗಳು ಅಫೀಮು ವ್ಯಾಪಾರವನ್ನು ಖಂಡಿಸಿದರು. 1895ರ ವರದಿಯು ಸರಕಾರದ ನೀತಿಯನ್ನೇ ಎತ್ತಿಹಿಡಿಯಿತು. ಆ ಖಂಡನೆ ನ್ಯಾಯವಾದದ್ದೇ. ಆದರೆ ವ್ಯಾಪಾರದ ಅಧರ್ಮವನ್ನು ಖಂಡಿಸುವುದು ಬೇರೆ, ಬಲೆಗೆ ಬಿದ್ದವನ ಅಂತರಂಗವನ್ನು ಅರಿಯುವುದು ಬೇರೆ.

1985ರಲ್ಲಿ ಮಾರ್ಲಟ್ ಮತ್ತು ಗಾರ್ಡನ್ ಎಂಬ ವಿದ್ವಾಂಸರು ತಮ್ಮ ಗ್ರಂಥದಲ್ಲಿ, ಬಿಟ್ಟ ಚಟವು ಮರುಕಳಿಸುವುದಕ್ಕೆ ದುಃಖ, ಸಿಟ್ಟು, ಜಗಳ, ಸಂಗಡಿಗರ ಒತ್ತಾಯಗಳು ಬಹುಮಟ್ಟಿಗೆ ಕಾರಣವೆಂದು ತೋರಿಸಿದರು. ಆತ್ಮಹತ್ಯೆಯ ಯೋಚನೆಯಿಂದ ಬಳಲುವವರಿಗಾಗಿ ಮಾರ್ಷಾ ಲಿನೆಹಾನ್ ರೂಪಿಸಿ 1993ರಲ್ಲಿ ಪ್ರಕಟಿಸಿದ ಕ್ರಮವನ್ನು ಮುಂದೆ ಮಾದಕವ್ಯಸನಕ್ಕೂ ಅಳವಡಿಸಲಾಯಿತು. ಭಾವಕ್ಕೆ ಹೆಸರಿಡುವುದು, ಅದನ್ನು ಕೆರಳಿಸಿದ ಸಂದರ್ಭವನ್ನು ಅರಿಯುವುದು, ಹಂಬಲವು ಅಲೆಯಂತೆ ಏರಿ ಇಳಿಯುವವರೆಗೆ ತಾಳಿಕೊಳ್ಳುವುದು ಇಂಥ ತರಬೇತಿಯ ಮುಖ್ಯ ಪಾಠಗಳು.

ಸಾಗರ, ಹೊಸನಗರ, ತೀರ್ಥಹಳ್ಳಿಗಳಂಥ ತಾಲ್ಲೂಕುಗಳಲ್ಲಿ ಇದು ಸಾಧ್ಯವೇ? ತೋಟಗಳ ನಡುವಿನ ಒಂಟಿ ಮನೆಗಳಿಂದ ತಜ್ಞವೈದ್ಯರು ದೂರ. ಮಳೆಗಾಲದಲ್ಲಿ ಇನ್ನೂ ದೂರ. ಆದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2000ರ ದಶಕದಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಪೀಡಿತರಿಗಾಗಿ ನಡೆಸಿದ ಸಮುದಾಯ ಕಾರ್ಯಕ್ರಮವು, ತೀವ್ರ ಮನೋರೋಗಕ್ಕೂ ಊರಿನಲ್ಲಿಯೇ ದೀರ್ಘಕಾಲದ ಆರೈಕೆ ಸಾಧ್ಯವೆಂದು ತೋರಿಸಿದೆ. ಮದ್ಯವ್ಯಸನಿಗಳಿಗಾಗಿ ಧರ್ಮಸ್ಥಳದ ಯೋಜನೆಯು ನಡೆಸುವ ಮದ್ಯವರ್ಜನ ಶಿಬಿರಗಳ ಬಳಿಕ, ಬಿಟ್ಟವರು ನವಜೀವನ ಸಮಿತಿಗಳಲ್ಲಿ ಒಟ್ಟುಗೂಡುತ್ತಾರೆ. ಕ್ಯಾಸಿಯನನು ಬಲ್ಲ ಸತ್ಯವೇ ಇಲ್ಲಿಯೂ ಕಾಣುತ್ತದೆ: ಜೊತೆಗಾರರಿಲ್ಲದೆ ಕಾವಲು ನಿಲ್ಲದು.

ಸಭಾಪಾಲಕರು ಒಂದು ಎಚ್ಚರವನ್ನು ಮರೆಯಬಾರದು. ಅಫೀಮು ವರ್ಗದ ಮಾದಕವನ್ನು ಕೆಲಕಾಲ ಬಿಟ್ಟವನ ದೇಹವು ಹಿಂದಿನ ಪ್ರಮಾಣವನ್ನು ತಾಳಲಾರದು. ಒಮ್ಮೆ ಜಾರಿದರೂ ಪ್ರಾಣ ಹೋಗಬಹುದು. ಬ್ಯೂಪ್ರೆನಾರ್ಫಿನ್, ಮೆಥಡೋನ್ ಮೊದಲಾದ ಔಷಧಗಳು ಈ ಅಪಾಯವನ್ನು ತಗ್ಗಿಸುತ್ತವೆ. ಭಾವನಿಯಂತ್ರಣದ ತರಬೇತಿಯಾಗಲಿ ಪ್ರಾರ್ಥನೆಯಾಗಲಿ ಅವುಗಳ ಸ್ಥಾನವನ್ನು ತುಂಬುವುದಿಲ್ಲ. "ವಿಶ್ವಾಸವಿದ್ದರೆ ಮಾತ್ರೆಯೇಕೆ?" ಎಂದು ಕೇಳುವ ಪಾಲಕನು ಕುರಿಯನ್ನು ಕಮರಿಯ ಅಂಚಿಗೆ ನಡೆಸುತ್ತಾನೆ. 42ನೆಯ ಕೀರ್ತನೆಯಲ್ಲಿ ಭಕ್ತನು ತನ್ನ ಕುಗ್ಗಿದ ಪ್ರಾಣವನ್ನು ಗದರದೆ ಕಾರಣ ಕೇಳುತ್ತಾನೆ. ಚೇತರಿಸಿಕೊಳ್ಳುತ್ತಿರುವವರ ಬಳಿ ಕುಳಿತು ಅದೇ ಪ್ರಶ್ನೆಯನ್ನು ಮೃದುವಾಗಿ ಕೇಳುವುದೂ, ಅವರ ಔಷಧ ತಪ್ಪದಂತೆ ನೋಡಿಕೊಳ್ಳುವುದೂ ನಮ್ಮ ಸೇವೆಯಾಗಿದೆ.